ದೇಹದ ಕಾವಲು ಕೋಶಗಳು ಕ್ಯಾನ್ಸರ್ ಕೋಶವನ್ನು ಸಾಯಿಸುವುದು ಹೇಗೆ?



ಕ್ಯಾನ್ಸರ್ ಎಂದು ತಿಳಿದ ಮರುದಿನದಿಂದಲೇ ಮನೆಗೆ ಸಲಹೆ ಕೊಡುವವರು ಬರತೊಡಗುತ್ತಾರೆ. ಒಬ್ಬರು ಪುಡಿ ತರುತ್ತಾರೆ, ಇನ್ನೊಬ್ಬರು ಕಷಾಯ ಹೇಳುತ್ತಾರೆ. ಎಲ್ಲರ ಮಾತೂ ಕೊನೆಗೆ ಒಂದೇ: "ದೇಹದ ಶಕ್ತಿ ಹೆಚ್ಚಾದರೆ ಗಡ್ಡೆ ತಾನೇ ಕರಗುತ್ತದೆ. ಕಿಮೋ, ಕರೆಂಟು ಎಂದು ಯಾಕೆ ಒದ್ದಾಡುತ್ತೀರಿ?" ಬೋರನಕಣಿವೆ, ಹುಳಿಯಾರು, ತುರುವೇಕೆರೆ, ತಿಪಟೂರು ಕಡೆಯಿಂದ ಬರುವ ಬಂಧುಗಳು ಈ ಪ್ರಶ್ನೆಯನ್ನು ವೈದ್ಯರು ಆ ಕಡೆ ಹೋದ ಮೇಲೆ ಮೆಲುದನಿಯಲ್ಲಿ ದಾದಿಯರ ಬಳಿ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಅದಕ್ಕೆ ಉತ್ತರ ಕೊಡುವುದೇ ಈ ಬರಹದ ಉದ್ದೇಶ.

ಆ ಮಾತಿನಲ್ಲಿ ಒಂದು ನಿಜವಿದೆ. ನಮ್ಮ ರಕ್ತದಲ್ಲಿರುವ ಕೆಲವು ಬಿಳಿ ಕಣಗಳು ಕ್ಯಾನ್ಸರ್ ಕೋಶಗಳನ್ನು ಹುಡುಕಿ ಸಾಯಿಸಬಲ್ಲವು. ಆದರೆ ಅವು ಸಾಯಿಸುವುದು ತೋಳ್ಬಲದಿಂದ ಅಲ್ಲ. ಮೊದಲು ಗುರುತಿಸುತ್ತವೆ, ನಂತರ ಆ ಕೋಶಕ್ಕೆ "ನೀನು ಸಾಯಿ" ಎಂದು ಆಜ್ಞೆ ಕೊಡುತ್ತವೆ. ಗುರುತು ಸಿಗದಿದ್ದರೆ ಅಥವಾ ಆಜ್ಞೆಯನ್ನು ಯಾರೋ ತಡೆದಿದ್ದರೆ ಎಷ್ಟು ಶಕ್ತಿ ಇದ್ದರೂ ಪ್ರಯೋಜನವಿಲ್ಲ. ಈ ವ್ಯತ್ಯಾಸ ತಿಳಿದರೆ ಯಾವ ಚಿಕಿತ್ಸೆ ಯಾಕೆ ಕೊಡುತ್ತಾರೆ ಎಂಬುದೂ ತಿಳಿಯುತ್ತದೆ.

ಸಾಯುವ ಏರ್ಪಾಡು ಕೋಶದ ಒಳಗೇ ಇದೆ

ತೆಂಗಿನ ಮರದ ಹಳೆಯ ಗರಿಯನ್ನು ನೋಡಿ. ಅದರ ಕಾಲ ಮುಗಿದಾಗ ಹಳದಿಯಾಗುತ್ತದೆ, ಒಣಗುತ್ತದೆ, ಒಂದು ದಿನ ತಾನೇ ಕಳಚಿ ಬೀಳುತ್ತದೆ. ಮರಕ್ಕೆ ಗಾಯವಿಲ್ಲ, ಕಾಂಡದ ಮೇಲೆ ಒಂದು ಉಂಗುರದ ಗುರುತು ಮಾತ್ರ ಉಳಿಯುತ್ತದೆ. ಹಸಿ ಗರಿಯನ್ನು ಹಿಡಿದು ಕಿತ್ತರೆ ಹಾಗಲ್ಲ. ಕಾಂಡದ ಸಿಪ್ಪೆ ಸುಲಿಯುತ್ತದೆ, ರಸ ಸೋರುತ್ತದೆ.

ನಮ್ಮ ದೇಹದ ಕೋಶಗಳಿಗೂ ಈ ಎರಡು ಬಗೆಯ ಸಾವು ಇವೆ. ಸುಟ್ಟಾಗ, ಜಜ್ಜಿದಾಗ ಕೋಶ ಒಡೆದು ಸಾಯುತ್ತದೆ. ಆಗ ಊತ, ಉರಿ, ನೋವು ಬರುತ್ತವೆ. ಇನ್ನೊಂದು ಸದ್ದಿಲ್ಲದ ಸಾವು. ಕೋಶ ಒಳಗಿನಿಂದಲೇ ಕುಗ್ಗುತ್ತದೆ, ತನ್ನ ಡಿ.ಎನ್.ಎ.ಯನ್ನು ತಾನೇ ತುಂಡರಿಸಿಕೊಳ್ಳುತ್ತದೆ, ಸಣ್ಣ ಸಣ್ಣ ಗಂಟುಗಳಾಗಿ ಬೇರ್ಪಡುತ್ತದೆ. ಪಕ್ಕದ ಸ್ವಚ್ಛತಾ ಕೋಶಗಳು ಆ ಗಂಟುಗಳನ್ನು ನುಂಗಿ ಅರಗಿಸಿಕೊಳ್ಳುತ್ತವೆ. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲಾಸ್ಟೇರ್ ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ 'ಅಪಾಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಎಲೆ ಉದುರುವುದು ಎಂದು. ನಮ್ಮ ಕಡೆಯವರು ಹೆಸರಿಟ್ಟಿದ್ದರೆ ಗರಿ ಕಳಚುವುದು ಎನ್ನುತ್ತಿದ್ದರೇನೋ.

ಇದು ರೋಗವಲ್ಲ. ಆರೋಗ್ಯವಂತನ ದೇಹದಲ್ಲೂ ದಿನಕ್ಕೆ ಸಾವಿರಾರು ಕೋಟಿ ಕೋಶಗಳು ಹೀಗೆ ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ಗರ್ಭದಲ್ಲಿ ಮಗುವಿನ ಕೈ ಮೊದಲು ಸೌಟಿನಂತೆ ಇರುತ್ತದೆ. ಬೆರಳುಗಳ ನಡುವಿನ ಕೋಶಗಳು ಹೀಗೆ ಸತ್ತು ಬೆರಳು ಬಿಡಿಸಿಕೊಳ್ಳುತ್ತವೆ. ಕೋಶದ ಡಿ.ಎನ್.ಎ. ಸರಿಪಡಿಸಲಾಗದಷ್ಟು ಕೆಟ್ಟರೆ ಅದು ಸಾಮಾನ್ಯವಾಗಿ ಸಾವಿನ ದಾರಿ ಹಿಡಿಯುತ್ತದೆ. ಈ ನಿಯಮವನ್ನು ಮೀರಿ, ಸಾಯಲು ಒಪ್ಪದೆ ಬೆಳೆಯುತ್ತಲೇ ಹೋಗುವುದೇ ಕ್ಯಾನ್ಸರ್ ಕೋಶ.

ಆದರೆ ಗಮನಿಸಿ: ಬಹುತೇಕ ಕ್ಯಾನ್ಸರ್ ಕೋಶಗಳಲ್ಲಿ ಸಾಯುವ ಏರ್ಪಾಡು ಪೂರ್ತಿ ಅಳಿಸಿ ಹೋಗಿರುವುದಿಲ್ಲ. ಬೀಗ ಬಿದ್ದಿರುತ್ತದೆ ಅಷ್ಟೇ. ಕಿಮೋಥೆರಪಿಯೂ, ನಮ್ಮ ಜನ ಕರೆಂಟು ಎನ್ನುವ ರೇಡಿಯೇಶನ್ನೂ ಕೋಶದ ಡಿ.ಎನ್.ಎ.ಗೆ ಪೆಟ್ಟು ಕೊಟ್ಟು ಎಷ್ಟೋ ಕೋಶಗಳನ್ನು ಇದೇ ದಾರಿಗೆ ತಳ್ಳುತ್ತವೆ. ಕಾವಲು ಕೋಶಗಳು ಬೇರೆ ಬಾಗಿಲಿನಿಂದ ಬಂದು ಅದೇ ಕೆಲಸ ಮಾಡುತ್ತವೆ. ಆದ್ದರಿಂದ "ಕಿಮೋ ಬೇಕೋ, ದೇಹದ ಶಕ್ತಿ ಬೇಕೋ" ಎಂದು ಎರಡನ್ನೂ ಎದುರುಬದುರು ನಿಲ್ಲಿಸುವುದು ಸರಿಯಲ್ಲ.

ಒಡೆಯದೆ ಒಳಗನ್ನು ತಿಳಿಯುವುದು

ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಅನುಭವಸ್ಥರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಿಟಕು ಬಿಟ್ಟು ಉಂಡೆ ಕೊಬ್ಬರಿಯಾಗಿದೆಯೋ, ಇನ್ನೂ ನೀರಿದೆಯೋ ಒಡೆಯದೆಯೇ ಹೇಳುತ್ತಾರೆ. ಕಾವಲು ಕೋಶದ ಕೆಲಸವೂ ಹೀಗೆಯೇ. ಅದು ಹೊರಗಿನಿಂದ ಮುಟ್ಟಿ ನೋಡಿ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕು.

ಅದಕ್ಕೆ ಅನುಕೂಲವಾಗಲೆಂದು ದೇಹದ ಬಹುಪಾಲು ಎಲ್ಲ ಕೋಶಗಳೂ ಒಂದು ಕ್ರಮ ಪಾಲಿಸುತ್ತವೆ. ತಮ್ಮೊಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಹೊರಮೈಮೇಲಿನ ಸಣ್ಣ ತಟ್ಟೆಗಳಲ್ಲಿ ಇಟ್ಟು ತೋರಿಸುತ್ತವೆ. ಈ ತಟ್ಟೆಗೆ ವೈದ್ಯಕೀಯದಲ್ಲಿ ಎಂ.ಎಚ್.ಸಿ. ಎನ್ನುತ್ತಾರೆ. 'ಟಿ ಕೋಶ' ಎಂಬ ಬಿಳಿ ಕಣ ಒಂದೊಂದೇ ಕೋಶವನ್ನು ತಡವುತ್ತಾ ತಟ್ಟೆ ನೋಡುತ್ತಾ ಹೋಗುತ್ತದೆ. ಮಾಮೂಲಿ ಚೂರು ಇದ್ದರೆ ಮುಂದಕ್ಕೆ ಹೋಗುತ್ತದೆ. ವೈರಸ್ಸಿನ ಚೂರೋ, ಕ್ಯಾನ್ಸರ್ ಕೋಶದಲ್ಲಿ ಮಾತ್ರ ಹುಟ್ಟುವ ವಿಕಾರದ ಚೂರೋ ಕಂಡರೆ ಅಲ್ಲಿಯೇ ಅಂಟಿಕೊಳ್ಳುತ್ತದೆ. ಆದರೆ ಒಂದೊಂದು ಟಿ ಕೋಶಕ್ಕೂ ಗೊತ್ತಿರುವುದು ಒಂದೇ ಬಗೆಯ ಚೂರು. ಸರಿಯಾದ ಟಿ ಕೋಶ ಸರಿಯಾದ ಕೋಶವನ್ನು ಮುಟ್ಟಬೇಕು, ಅದಕ್ಕೂ ಮೊದಲು ದುಗ್ಧಗ್ರಂಥಿಯಲ್ಲಿ ಅದಕ್ಕೆ ತರಬೇತಿಯೂ ಆಗಿರಬೇಕು.

ಹಾಗಾದರೆ ಚಾಲಾಕಿ ಕೋಶ ತಟ್ಟೆಯನ್ನೇ ಒಳಕ್ಕೆ ಎಳೆದುಕೊಂಡರೆ? ಎಷ್ಟೋ ಕ್ಯಾನ್ಸರ್ ಕೋಶಗಳು ಹೀಗೇ ಮಾಡುತ್ತವೆ. ಅದಕ್ಕಾಗಿ ಎರಡನೇ ಕಾವಲು ಇದೆ, 'ಎನ್.ಕೆ. ಕೋಶ', ಅಂದರೆ ಸಹಜ ಕೊಲೆಗಾರ ಕೋಶ. ತಟ್ಟೆ ಇಲ್ಲದಿರುವುದೇ ಇದಕ್ಕೆ ಅನುಮಾನದ ಕಾರಣ. ಒಬ್ಬರು ಗುರುತಿನ ಚೀಟಿಯಲ್ಲಿ ತಪ್ಪು ಹುಡುಕುವವರು, ಇನ್ನೊಬ್ಬರು ಚೀಟಿಯೇ ಇಲ್ಲದವರನ್ನು ಹಿಡಿಯುವವರು ಎಂದುಕೊಳ್ಳಿ.

ಆಜ್ಞೆ ಹೇಗೆ ತಲುಪುತ್ತದೆ?

ಗುರುತು ಸಿಕ್ಕ ಮೇಲೆ ಕಾವಲು ಕೋಶ ಕ್ಯಾನ್ಸರ್ ಕೋಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದರೊಳಗೆ ವಿಷದ ಸಣ್ಣ ಚೀಲಗಳಿರುತ್ತವೆ. ಅವೆಲ್ಲ ಅಂಟಿಕೊಂಡ ಜಾಗದ ಕಡೆಗೆ ಸರಿದು ಅಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಅಕ್ಕಪಕ್ಕದ ಒಳ್ಳೆಯ ಕೋಶಗಳಿಗೆ ಹೆಚ್ಚು ತೊಂದರೆಯಾಗದಂತೆ ಈ ಎಚ್ಚರಿಕೆ.

ಚೀಲದಲ್ಲಿ ಎರಡು ಮುಖ್ಯ ವಸ್ತುಗಳಿವೆ. ಮೊದಲನೆಯದು 'ಪರ್ಫೋರಿನ್'. ಇದು ಕ್ಯಾನ್ಸರ್ ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಎರಡನೆಯದು 'ಗ್ರಾಂಜೈಮ್'. ಇದು ಆ ದಾರಿಯಲ್ಲಿ ಒಳನುಗ್ಗಿ, ಕೋಶದೊಳಗೆ ಮೊದಲೇ ಇದ್ದು ನಿದ್ರಿಸುತ್ತಿರುವ 'ಕ್ಯಾಸ್ಪೇಸ್' ಎಂಬ ಕತ್ತರಿಗಳನ್ನು ಎಬ್ಬಿಸುತ್ತದೆ. ಒಂದು ಕತ್ತರಿ ಹತ್ತನ್ನು ಎಬ್ಬಿಸುತ್ತದೆ, ಹತ್ತು ನೂರನ್ನು. ಅವು ಕೋಶದ ಕಂಬ ತೊಲೆಗಳನ್ನು ಕತ್ತರಿಸುತ್ತವೆ, ಡಿ.ಎನ್.ಎ. ಚೂರಾಗುತ್ತದೆ, ಮೇಲೆ ಹೇಳಿದ ಗರಿ ಕಳಚುವ ಸಾವು ಶುರುವಾಗುತ್ತದೆ. ಇನ್ನೊಂದು ದಾರಿಯೂ ಇದೆ. ಕ್ಯಾನ್ಸರ್ ಕೋಶದ ಮೈಮೇಲೆ 'ಫಾಸ್' ಎಂಬ ಗುಂಡಿ ಇದ್ದರೆ ಕಾವಲು ಕೋಶ ಹೊರಗಿನಿಂದ ಅದನ್ನು ಒತ್ತಿದರೂ ಸಾಕು, ಒಳಗಿನ ಅದೇ ಕತ್ತರಿಗಳು ಎಚ್ಚರಗೊಳ್ಳುತ್ತವೆ.

ಆಜ್ಞೆ ಕೊಟ್ಟ ಕಾವಲು ಕೋಶ ಅಲ್ಲೇ ನಿಲ್ಲುವುದಿಲ್ಲ. ಬಿಡಿಸಿಕೊಂಡು ಮುಂದಿನ ಕೋಶಕ್ಕೆ ಹೋಗುತ್ತದೆ. ಒಂದೇ ಟಿ ಕೋಶ ಒಂದರ ಹಿಂದೆ ಒಂದರಂತೆ ಹಲವು ಕ್ಯಾನ್ಸರ್ ಕೋಶಗಳನ್ನು ಮುಗಿಸಬಲ್ಲದು.

ಇಷ್ಟೆಲ್ಲ ಇದ್ದರೂ ಕ್ಯಾನ್ಸರ್ ಯಾಕೆ ಬೆಳೆಯಿತು?

ಇದು ನ್ಯಾಯವಾದ ಪ್ರಶ್ನೆ. "ನಮ್ಮ ಯಜಮಾನರು ಗಟ್ಟಿ ಆಳು, ತೆಂಗಿನ ಮರ ಹತ್ತುತ್ತಿದ್ದವರು, ಅವರಿಗೆ ಶಕ್ತಿ ಕಡಿಮೆ ಇತ್ತೇ?" ಎಂದು ಹೆಂಗಸರು ಕೇಳುತ್ತಾರೆ. ಇಲ್ಲ. ಗಟ್ಟಿ ಆಳಿಗೂ ಕ್ಯಾನ್ಸರ್ ಬರುತ್ತದೆ. ಬೋರನಕಣಿವೆಯಲ್ಲಿ ನೀರು ತುಂಬಿ ನಿಂತಿದ್ದರೂ ತೂಬು ಎತ್ತದಿದ್ದರೆ ಕೆಳಗಿನ ತೋಟಕ್ಕೆ ನೀರು ಹರಿಯುವುದಿಲ್ಲ. ಅಲ್ಲಿ ಕೊರತೆ ನೀರಿನದಲ್ಲ.

ಟಿ ಕೋಶಕ್ಕೂ ತೂಬು ಇದೆ. ಕಾವಲುಗಾರ ಸಿಕ್ಕಸಿಕ್ಕವರನ್ನೆಲ್ಲ ಹೊಡೆದರೆ ಮನೆಯವರಿಗೇ ಅಪಾಯ. ಕೆಲವು ಬಗೆಯ ಸಂಧಿವಾತ, ಥೈರಾಯ್ಡ್ ಕಾಯಿಲೆಗಳು ಬರುವುದು ಹೀಗೆ ಕಾವಲು ಕೋಶಗಳು ಸ್ವಂತ ದೇಹದ ಮೇಲೆ ಬೀಳುವುದರಿಂದಲೇ. ಆದ್ದರಿಂದ ದೇಹ ಟಿ ಕೋಶದ ಮೈಮೇಲೆ 'ಪಿ.ಡಿ.-1' ಎಂಬ ತಡೆಯನ್ನು ಇಟ್ಟಿದೆ. ಒಳ್ಳೆಯ ಕೋಶ ಅದನ್ನು ಮುಟ್ಟಿ "ನಾನು ನಿನ್ನವನು" ಎಂದರೆ ಟಿ ಕೋಶ ಸುಮ್ಮನಾಗುತ್ತದೆ. ಕ್ಯಾನ್ಸರ್ ಕೋಶ ಈ ಸಂಜ್ಞೆಯನ್ನು ಕದ್ದು ಕಲಿಯುತ್ತದೆ. ಟಿ ಕೋಶ ಗಡ್ಡೆಯ ಒಳಗೇ ಬಂದಿರುತ್ತದೆ, ಗುರುತನ್ನೂ ಹಿಡಿದಿರುತ್ತದೆ. ಆದರೂ ತೂಬು ಮುಚ್ಚಿದೆ.

ಪುಡಿ ಕಷಾಯಗಳ ವಿಷಯ ಇಲ್ಲಿಗೆ ಬರುತ್ತದೆ. ಕ್ಯಾನ್ಸರ್ ಕೋಶದ ವೇಷ ಕಳಚುವ, ಈ ತೂಬು ತೆರೆಯುವ ಗುಣ ಯಾವ ಶಕ್ತಿವರ್ಧಕ ಪುಡಿಗೂ ಇದೆ ಎಂದು ಸಾಬೀತಾಗಿಲ್ಲ. ಬದಲಾಗಿ ಒಂದು ಅಪಾಯವಿದೆ. ಮಾರಾಟಕ್ಕೆ ಬರುವ ಕೆಲವು ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದನ್ನು ತಿಂದ ರೋಗಿಗೆ ಹಸಿವು ಹೆಚ್ಚುತ್ತದೆ, ನೋವು ಕಡಿಮೆಯಾಗುತ್ತದೆ, ಮುಖ ತುಂಬಿಕೊಳ್ಳುತ್ತದೆ. ಮನೆಯವರು "ನೋಡಿ, ಪುಡಿ ಹಿಡಿಯಿತು" ಎಂದು ಆಸ್ಪತ್ರೆ ಬಿಡುತ್ತಾರೆ. ಸ್ಟೀರಾಯ್ಡ್ ಮಾಡುವ ಒಂದು ಕೆಲಸವೆಂದರೆ ಕಾವಲು ಕೋಶಗಳನ್ನು ಮಂದಗೊಳಿಸುವುದು! ಎರಡು ಮೂರು ತಿಂಗಳ ನಂತರ ಮತ್ತೆ ಬಂದಾಗ, ಆಪರೇಷನ್ ಮಾಡಬಹುದಾಗಿದ್ದ ಗಡ್ಡೆ ಮಾಡಲಾಗದ ಹಂತಕ್ಕೆ ಹೋಗಿರಬಹುದು. ಎಳನೀರು, ರಾಗಿ ಗಂಜಿ, ಮೊಳಕೆ ಕಾಳು ಕೊಡಿ, ಬೇಡ ಎನ್ನುವುದಿಲ್ಲ. ರೋಗಿಯ ತೂಕ ಇಳಿಯದಿರುವುದು ಚಿಕಿತ್ಸೆಗೆ ಬಹಳ ಮುಖ್ಯ. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಎಳನೀರನ್ನು ವೈದ್ಯರನ್ನು ಕೇಳಿ ಕುಡಿಯಬೇಕು.) ಆದರೆ ಅದು ಆಹಾರ, ಕ್ಯಾನ್ಸರಿನ ಔಷಧಿಯಲ್ಲ.

ತೂಬು ತೆರೆಯುವ ಔಷಧಿ

ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ 1992ರಲ್ಲಿ ಪಿ.ಡಿ.-1 ಪತ್ತೆಯಾಯಿತು. ಅಮೆರಿಕದ ಜೇಮ್ಸ್ ಆಲಿಸನ್ ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದರು. ತಡೆಗೆ ಅಡ್ಡಹಾಕುವ ಔಷಧಿ ಕೊಟ್ಟರೆ ಟಿ ಕೋಶ ತನ್ನ ಕೆಲಸ ಮುಂದುವರಿಸುತ್ತದೆ ಎಂದು ತೋರಿಸಿದ ಇಬ್ಬರಿಗೂ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಚಿಕಿತ್ಸೆಗೆ ಇಮ್ಯುನೋಥೆರಪಿ ಎನ್ನುತ್ತಾರೆ. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಎಂಬ ಹೆಸರುಗಳನ್ನು ನಿಮ್ಮ ಚೀಟಿಯಲ್ಲಿ ನೋಡಿರಬಹುದು. ಇವು ಕ್ಯಾನ್ಸರ್ ಕೋಶವನ್ನು ನೇರವಾಗಿ ಮುಟ್ಟುವುದೇ ಇಲ್ಲ, ತೂಬು ಎತ್ತುತ್ತವೆ ಅಷ್ಟೇ.

ಇವುಗಳ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಇಲ್ಲಿ ನಮ್ಮ ದೇಶದ್ದೇ ಒಂದು ಕೆಲಸವನ್ನು ಹೇಳಲೇಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲು ಭಾಗದ ಕ್ಯಾನ್ಸರ್ ಮುಂದುವರಿದ 151 ರೋಗಿಗಳಲ್ಲಿ ಒಂದು ಪರೀಕ್ಷೆ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಕಡಿಮೆ ಖರ್ಚಿನ ಮಾತ್ರೆಗಳು ಮಾತ್ರ. ಉಳಿದವರಿಗೆ ಅದೇ ಮಾತ್ರೆಗಳ ಜೊತೆಗೆ 3 ವಾರಕ್ಕೊಮ್ಮೆ ನಿವೊಲುಮಾಬ್ ಬರೀ 20 ಮಿಲಿಗ್ರಾಂ. ಮಾಮೂಲಿ ಪ್ರಮಾಣ 2 ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷದ ನಂತರ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 16 ಜನ ಬದುಕಿದ್ದರು. ಸಣ್ಣ ಪ್ರಮಾಣದ ಇಂಜೆಕ್ಷನ್ ಪಡೆದವರಲ್ಲಿ ಸುಮಾರು 43. ಇದು ಪೂರ್ತಿ ವಾಸಿಯಾಗುವ ಮಾತಲ್ಲ, ಕಾಲ ಸಿಗುವ ಮಾತು. ಆದರೂ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವ ನಮ್ಮ ಸೀಮೆಯವರಿಗೆ ಇದು ದೂರದ ಸುದ್ದಿಯಲ್ಲ. (ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಊರಿನವಳಾಗಿ ಇದನ್ನು ಬರೆಯುವುದು ಸುಲಭವಲ್ಲ, ಬರೆಯದೆ ಇರುವಂತೆಯೂ ಇಲ್ಲ.) ನಿಮ್ಮ ರೋಗಿಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ.

ಇನ್ನೊಂದು ಬಗೆ, ಕ್ಯಾನ್ಸರ್ ಕೋಶದ ಮೇಲೆ ಬಾವುಟ ನೆಡುವ ಔಷಧಿ. ಕೆಲವು ಸ್ತನ ಕ್ಯಾನ್ಸರುಗಳಿಗೆ ಕೊಡುವ ಟ್ರಾಸ್ಟುಜುಮಾಬ್ ಕೋಶದ ಬೆಳವಣಿಗೆ ತಡೆಯುವುದರ ಜೊತೆಗೆ ಅದರ ಮೈಗೆ ಅಂಟಿ ಎನ್.ಕೆ. ಕೋಶಗಳನ್ನು ಕರೆಯುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಇದರ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿತು. ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಬಿ.ಸಿ.ಜಿ.ಯನ್ನೂ ಮೂತ್ರಕೋಶದ ಆರಂಭದ ಕ್ಯಾನ್ಸರಿಗೆ 1970ರ ದಶಕದಿಂದ ಬಳಸುತ್ತಾರೆ. ಮೂತ್ರಕೋಶದ ಒಳಗೆ ಬಿಟ್ಟಾಗ ಅದು ಕಾವಲು ಕೋಶಗಳ ಗುಂಪನ್ನೇ ಅಲ್ಲಿಗೆ ಸೆಳೆಯುತ್ತದೆ.

ಹೊರಗೆ ಬೆಳೆಸಿ ಒಳಗೆ ಬಿಡುವುದು

ತೆಂಗಿಗೆ ಕಪ್ಪುತಲೆ ಹುಳು ಬಿದ್ದಾಗ ಏನು ಮಾಡುತ್ತಾರೆ ನಿಮಗೆ ಗೊತ್ತು. ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕೀಟವನ್ನು ಪ್ರಯೋಗಾಲಯದಲ್ಲಿ ಸಾವಿರಗಟ್ಟಲೆ ಬೆಳೆಸಿ ತೋಟದಲ್ಲಿ ಬಿಡುತ್ತಾರೆ. ಅದು ಗರಿಯ ಸಂದಿಯಲ್ಲಿರುವ ಹುಳುವನ್ನು ಹುಡುಕಿ ಚುಚ್ಚುತ್ತದೆ.

'ಕಾರ್ ಟಿ' ಚಿಕಿತ್ಸೆ ಇದಕ್ಕೆ ಹತ್ತಿರದ್ದು. ರೋಗಿಯದೇ ರಕ್ತದಿಂದ ಟಿ ಕೋಶಗಳನ್ನು ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅವುಗಳಿಗೆ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶದ ಮೇಲಿನ 'ಸಿ.ಡಿ.19' ಎಂಬ ಗುರುತನ್ನು ತಟ್ಟೆಯ ನೆರವಿಲ್ಲದೆ ನೇರವಾಗಿ ಹಿಡಿಯುವ ಕೊಕ್ಕೆ ಬೆಳೆಯುವಂತೆ ಮಾಡುತ್ತಾರೆ. ಕೋಟಿಗಟ್ಟಲೆ ಬೆಳೆಸಿ ಮತ್ತೆ ರಕ್ತಕ್ಕೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಅವು ಮಾಡುವುದು ಅದೇ ಕೆಲಸ, ಅಂಟಿಕೊಳ್ಳುವುದು, ರಂಧ್ರ ಕೊರೆಯುವುದು, ಕತ್ತರಿ ಎಬ್ಬಿಸುವುದು. ಐ.ಐ.ಟಿ. ಮುಂಬೈ ಮತ್ತು ಟಾಟಾ ಸ್ಮಾರಕ ಕೇಂದ್ರದ ಶ್ರಮದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಅರ್ಪಿಸಿದರು. ನಮ್ಮ ಬೆಂಗಳೂರಿನಲ್ಲೇ ಇಮ್ಯುನೀಲ್ ಸಂಸ್ಥೆ ತಯಾರಿಸಿದ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು.

ಆದರೆ ಇವು ಕೆಲವು ಬಗೆಯ ರಕ್ತದ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರುಗಳಿಗೆ ಮಾತ್ರ, ಅದೂ ಬೇರೆ ಚಿಕಿತ್ಸೆ ಫಲಿಸದಿದ್ದಾಗ. ಖರ್ಚು ಹತ್ತಾರು ಲಕ್ಷ. ಬಾಯಿ, ಸ್ತನ, ಗರ್ಭಕೋಶದ ಗಡ್ಡೆಗೆ ಈ ಔಷಧಿಗಳಲ್ಲ. ಯಾರಾದರೂ "ನಿಮ್ಮ ಕೋಶ ತೆಗೆದು ಬೆಳೆಸಿ ಕೊಡುತ್ತೇವೆ" ಎಂದು ಎಲ್ಲ ಕ್ಯಾನ್ಸರಿಗೂ ಹೇಳಿದರೆ ಹಣ ಕೊಡುವ ಮೊದಲು, ತೋಟ ಅಡವಿಡುವ ಮೊದಲು, ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.

ಮನೆಗೆ ಹೋದ ಮೇಲೆ

ತೋಟಕ್ಕೆ ವಿಷ ಸಿಂಪಡಿಸಿದರೆ ಹುಳುವಿನ ಜೊತೆ ಗೋನಿಯೋಜಸ್ಸೂ ಸಾಯುತ್ತದೆ. ಕಿಮೋ ಕೊಟ್ಟ 7ರಿಂದ 14 ದಿನಗಳಲ್ಲಿ ಬಿಳಿ ಕಣಗಳು ಬಹಳ ಕಡಿಮೆಯಾಗುವುದೂ ಹಾಗೆಯೇ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಮಾಮೂಲಿ ಜ್ವರವಲ್ಲ, ಜೀವಕ್ಕೆ ಅಪಾಯ. ಜ್ವರದ ಮಾತ್ರೆ ನುಂಗಿಸಿ ಮಲಗಿಸಬೇಡಿ. ಹುಳಿಯಾರಿನಿಂದ ಬೆಳಗಿನ ಬಸ್ಸು ಬರಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ; ಕೈಯಿಂದ ಹಣೆ ಮುಟ್ಟಿ ನೋಡುವುದು ಸಾಲದು.

ಇಮ್ಯುನೋಥೆರಪಿ ತೆಗೆದುಕೊಂಡವರಿಗೆ ಬೇರೆ ಎಚ್ಚರಿಕೆ. ತೂಬು ಎತ್ತಿದಾಗ ನೀರು ಬೇಡದ ಕಡೆಗೂ ಹರಿಯಬಹುದು. ಟಿ ಕೋಶಗಳು ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್, ಚರ್ಮದ ಮೇಲೆ ಬೀಳಬಹುದು. ದಿನಕ್ಕೆ ನಾಲ್ಕಾರು ಸಲ ಭೇದಿ, ಹೊಸದಾಗಿ ಶುರುವಾದ ಒಣಕೆಮ್ಮು, ಉಬ್ಬಸ, ಕಣ್ಣು ಹಳದಿಯಾಗುವುದು, ಮೈಮೇಲೆ ಗಂಧೆ, ಏಳಲಾಗದಷ್ಟು ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ತಿಳಿಸಿ. ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರುವುದುಂಟು. ಬೇಗ ಬಂದರೆ ವೈದ್ಯರು ಸರಿಯಾದ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರಬಲ್ಲರು. ಊರಿನ ಕ್ಲಿನಿಕ್ಕಿನಲ್ಲಿ ಭೇದಿಯ ಮಾತ್ರೆ ನುಂಗಿ ವಾರಗಟ್ಟಲೆ ತಳ್ಳಿದರೆ ಕಷ್ಟ.

ಈಗಾಗಲೇ ಪುಡಿ, ಕಷಾಯ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಪೊಟ್ಟಣವನ್ನು ಹಾಗೇ ತನ್ನಿ, ನಾವು ಬೈಯುವುದಿಲ್ಲ. ಮತ್ತೆ, ಬೇರೆ ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ ಸಹ, ತೋರಿಸಲು ಒಂದು ಚೀಟಿ ಬೇಕು. ಅದರಲ್ಲಿ ರೋಗಿಯ ಹೆಸರು, ಕ್ಯಾನ್ಸರ್ ಯಾವ ಭಾಗದ್ದು, ಕೊಟ್ಟ ಔಷಧಿಯ ಹೆಸರು, ಕೊನೆಯ ಇಂಜೆಕ್ಷನ್ ಆದ ತಾರೀಖು ಇರಬೇಕು. ಡಿಸ್ಚಾರ್ಜ್ ದಿನ ವಾರ್ಡಿನ ದಾದಿಯನ್ನು ಕೇಳಿ ಬರೆಸಿಕೊಳ್ಳಿ, ಒಂದು ಪ್ರತಿ ರೋಗಿಯ ಜೇಬಿನಲ್ಲಿ, ಇನ್ನೊಂದು ಮನೆಯ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಇಡಿ.